ಹೆಸರಿನ ಮುಂದೆ ಏನು ಬರೆಯಲಿ

ಹುಬ್ಬಳ್ಳಿಯ ಕೇಶ್ವಾಪುರದ ಆ ಅಚ್ಚಿನ ಅಂಗಡಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ ಕರುಣಾ ಮೊದಲು ಕುರ್ಚಿ ತೋರಿಸುತ್ತಾಳೆ, ಆಮೇಲೆ ನೀರು ಕೊಡುತ್ತಾಳೆ. ಕಂಪ್ಯೂಟರಿನ ಕಡೆ ತಿರುಗುವುದು ಅದೆಲ್ಲ ಆದ ಮೇಲೆ. ಬಂದವರು ಬರೆದು ತಂದ ಹಾಳೆಯನ್ನು ಮುಂದಿಟ್ಟುಕೊಂಡು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೇಳುತ್ತಾಳೆ.

"ಇವರು ನಿಮಗ ಏನಾಗಬೇಕ್ರಿ? ಇವರ ಯಜಮಾನ್ರು ಆರಾಮ ಅದಾರಲ್ರಿ?"

ಅವಳು ಏನು ಕೇಳುತ್ತಿದ್ದಾಳೆಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಕೇಳಬಾರದ ಮಾತನ್ನು ಅವಳೂ ಆಡಿರುವುದಿಲ್ಲ, ಅವರೂ ಕೇಳಿರುವುದಿಲ್ಲ. ಹೋದ ವರ್ಷ ನನ್ನ ತಂಗಿಯ ಮಗನ ಕಾರ್ಡು ಮಾಡಿಸಲು ನಾನು ಹೋದಾಗಲೂ ಹೀಗೇ ಆಯಿತು. "ಲಗೂ ಮಾಡಿ ಕೊಡ್ರಿ ಅಕ್ಕಾರ" ಎಂದೆ. "ಆಗತೈತ್ರಿ, ಇಷ್ಟು ಕೇಳಿಬಿಡ್ತೀನಿ" ಎಂದಳು. ಅವಳ ಮಾತಿನಲ್ಲಿ ಅರ್ಧ ಹುಬ್ಬಳ್ಳಿ, ಅರ್ಧ ಇನ್ನೆಲ್ಲಿಯದೋ. ಯಾವ ಊರಿನವಳು ಎಂದು ಕೇಳಿದೆ. ಆಮೇಲೆ ಅವಳು ಹೇಳಿದ್ದೇ ಈ ಕತೆ.

ಕರುಣಾ ನಂಜನಗೂಡಿನ ಹತ್ತಿರದ ಹಳ್ಳಿಯವಳು. ಬಿ.ಎ. ಮುಗಿಸಿ ಮೈಸೂರಿನಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಳು. ಹುಬ್ಬಳ್ಳಿ ಪಕ್ಕದ ಗಬ್ಬೂರಿನ ಮಾಲತೇಶ ಮೈಸೂರಿನ ಕಡೆಯ ಲಾರಿ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದ. ಅವಳ ಚಿಕ್ಕಪ್ಪನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಮಾತುಕತೆ ಮುಗಿದು ಮದುವೆ ಗೊತ್ತಾದಾಗ ಮಾಲತೇಶನ ತಾಯಿ ಫಕೀರವ್ವ ಕೇಳಿದ್ದು ಒಂದೇ ಮಾತಂತೆ: "ಹುಡುಗಿ ಛಲೋ ಅದಾಳ, ಖರೇ. ಆಕಿ ಮಾತ ನನಗ ತಿಳೀತಾವೇನೋ?"

ತಿಳಿಯದೆ ಹೋದದ್ದು ಸೊಸೆಗೆ. ಗಬ್ಬೂರಿಗೆ ಬಂದ ಮರುದಿನ ಬೆಳಿಗ್ಗೆ ಫಕೀರವ್ವ ಅಡುಗೆಮನೆಯಿಂದಲೇ "ಯವ್ವಾ, ಜಳಕಾ ಆತೇನ್ ಬೇ?" ಎಂದು ಕೂಗಿದಳು. ಕರುಣಾಳ ಕಣ್ಣಲ್ಲಿ ನೀರು ನಿಂತಿತು. ಗಂಡನನ್ನು ಪಕ್ಕಕ್ಕೆ ಕರೆದು, "ಬಂದು ಒಂದು ದಿನ ಆಗಿಲ್ಲ, ನಿಮ್ಮಮ್ಮ ನನ್ನ ಬೇ ಅಂತಾರೆ" ಎಂದಳು. ಮಾಲತೇಶ ನಕ್ಕುಬಿಟ್ಟ. "ನಾ ಅವ್ವಗ ಏನಂತೇನಿ ಕೇಳು. ಬಾ ಬೇ, ಉಣ್ಣು ಬೇ ಅನ್ನಂಗಿಲ್ಲೇನು? ಅದು ಬೈಗಳ ಅಲ್ಲ. ಮುದ್ದಿಲೆ ಅನ್ನೂದು."

ಸೊಸೆಯ ಮಾತು ಅತ್ತೆಗೆ ಚುಚ್ಚಿದ್ದೂ ಉಂಟು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಗುಲ್ಜಾರಬಿ ಬಟ್ಟಲು ಹಿಡಿದು ಜೋಳದ ಹಿಟ್ಟು ಕೇಳಲು ಬಂದಳು. "ಹಿಟ್ಟು ಖಾಲಿಯಾಗಿದೆ ಕಣ್ರೀ, ಇಲ್ಲ" ಎಂದಳು ಕರುಣಾ ಬಾಗಿಲಲ್ಲೇ ನಿಂತು. ಗುಲ್ಜಾರಬಿ ಹೋದ ಮೇಲೆ ಫಕೀರವ್ವ ಮೆಲ್ಲಗೆ ಹೇಳಿದಳು: "ದೀಪ ಹಚ್ಚೂ ಹೊತ್ತಿನ್ಯಾಗ ಖಾಲಿ, ಇಲ್ಲ ಅನಬಾರದವ್ವ. ಹಿಟ್ಟು ಹೆಚ್ಚಾಗೈತಿ, ನಾಳಿ ಬೀಸಾಕ ಹಾಕತೇವಿ ಅನಬೇಕು." ಇಲ್ಲದ ಹಿಟ್ಟು ಹೆಚ್ಚಾಗುವುದು ಹೇಗೆ ಎಂದು ಕರುಣಾಳಿಗೆ ಅರ್ಥವಾಗಲಿಲ್ಲ. ಓದಿದವಳು ತಾನು ಎಂಬ ಸಣ್ಣ ಹೆಮ್ಮೆಯೂ ಇತ್ತು. ಹೂಂ ಎಂದು ಸುಮ್ಮನಾದಳು.

ಮಗಳು ಸುಮೇಧಾ ಅಂಗನವಾಡಿಗೆ ಹೋಗತೊಡಗಿದ ಮೇಲೆ ಕರುಣಾ ಕೇಶ್ವಾಪುರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿಯ ಮಾಲೀಕ ಶಿವಯೋಗೀಶ. ಕಾರ್ಡು, ಬ್ಯಾನರು, ಅರ್ಜಿ ಎಲ್ಲ ಮಾಡಿಕೊಡುವ ಅಂಗಡಿ. ಸೇರಿದ ಎರಡನೆಯ ವಾರ ಧಾರವಾಡದ ಹತ್ತಿರದ ಮುಗದದಿಂದ ಗಂಗಪ್ಪ ಎಂಬವರ ಮಗಳು ರಜನಿಯ ಲಗ್ನದ ಬರಹ ಬಂತು. ಶಿವಯೋಗೀಶ ಗದುಗಿನಲ್ಲಿ ನೆಂಟರ ಮದುವೆಗೆ ಹೋಗಿದ್ದ. "ಇದ್ದದ್ದನ್ನ ಇದ್ದಂಗ ಹೊಡದು ಪ್ರಿಂಟಿಗೆ ಕಳಸ್ರಿ" ಎಂದು ಫೋನಿನಲ್ಲಿ ಹೇಳಿದ್ದ.

ಆ ಹಾಳೆಯಲ್ಲಿ ಏಳು ಹೆಂಗಸರ ಹೆಸರಿದ್ದವು. ಏಳರ ಮುಂದೆಯೂ "ಸೌ." ಎಂದಿತ್ತು. ಕರುಣಾಳಿಗೆ ಅದು ಕಡಿದು ಬಿಸಾಡಿದ ಅಕ್ಷರದ ಹಾಗೆ ಕಂಡಿತು. ಅವಳ ಮದುವೆಯ ಕಾರ್ಡಿನಲ್ಲಿ ಅಮ್ಮನ ಹೆಸರಿನ ಮುಂದೆ "ಶ್ರೀಮತಿ" ಎಂದು ಪೂರ್ತಿ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದೇ ಮರ್ಯಾದೆ ಎಂದು ಅವಳು ತಿಳಿದಿದ್ದಳು. ಹಳ್ಳಿಯ ಮಂದಿ, ಗೊತ್ತಾಗದೆ ಮೊಟಕಾಗಿ ಬರೆದಿದ್ದಾರೆ, ಚೆಂದ ಮಾಡಿ ಕೊಡೋಣ ಎಂದುಕೊಂಡು ಏಳೂ ಕಡೆ "ಶ್ರೀಮತಿ" ಎಂದು ತಿದ್ದಿದಳು. ಮರುದಿನ ಕಾರ್ಡು ಅಚ್ಚಾಗಿ ಮುಗದಕ್ಕೆ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಬಿಳಿ ಟೋಪಿಯ ಒಬ್ಬ ಹಿರಿಯರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಕಾರ್ಡು. ಊರಿನಿಂದ ಮರಳಿದ್ದ ಶಿವಯೋಗೀಶ ಎದ್ದು ನಿಂತು ನಮಸ್ಕಾರ ಮಾಡಿದ.

"ಈ ಕಾರ್ಡ ಮಾಡಿದವ್ರು ಯಾರ್ರಿ?"

"ನಾನೇ ಸರ್," ಎಂದಳು ಕರುಣಾ. ಹೊಗಳಲು ಬಂದಿದ್ದಾರೆ ಎಂದು ಅವಳ ಎಣಿಕೆ.

ಬಂದವರು ಗಂಗಪ್ಪನವರೇ. ಕುರ್ಚಿ ಎಳೆದುಕೊಂಡು ಅವಳ ಎದುರೇ ಕೂತರು. "ನೋಡವಾ ತಂಗಿ. ನಾ ನಿನ್ನ ಮುಂದ ಕುಂತೇನಿ. ಉಸರಾಡಾಕತ್ತೇನಿ. ಬೇಕಾದ್ರ ಕೈ ಮುಟ್ಟಿ ನೋಡು. ನನ್ನ ಹೇಣ್ತಿನ ಯಾಕ ಶ್ರೀಮತಿ ಮಾಡಿದಿ?"

ಕರುಣಾ ಅವರ ಮುಖವನ್ನೂ ಶಿವಯೋಗೀಶನ ಮುಖವನ್ನೂ ನೋಡಿದಳು. "ಶ್ರೀಮತಿ ಅಂದ್ರೆ ಮರ್ಯಾದೆ ಅಲ್ವಾ ಸರ್?"

ಶಿವಯೋಗೀಶ ಕಾರ್ಡು ತೆಗೆದುಕೊಂಡು ಓದಿದವನು ಹಣೆಗೆ ಕೈಯಿಟ್ಟುಕೊಂಡ. "ಅಕ್ಕಾರ, ನಮ್ಮ ಕಡೆ ಗಂಡ ಇದ್ದಾಕಿಗಿ ಸೌ. ಅಂತ ಬರೀತಾರ್ರಿ. ಸೌಭಾಗ್ಯವತಿ. ಗಂಡ ಹೋದ ಮ್ಯಾಲ ಶ್ರೀಮತಿ ಅಂತಾರ."

"ಏಳು ಮಂದಿ ಗಂಡಸರನ್ನ ಒಂದ ಸಲಕ್ಕ ಕಳಿಸಿಬಿಟ್ಟಾಳ ನೋಡ್ರಿ," ಎಂದರು ಗಂಗಪ್ಪ. ಅದು ಚೇಷ್ಟೆಯ ಮಾತೇ. ಆದರೆ ದನಿ ನಗುತ್ತಿರಲಿಲ್ಲ. ನಡೆದದ್ದನ್ನು ಅವರು ಹೇಳಿದರು. ಅವರ ಅಣ್ಣನ ಮಗ ಕಾರ್ಡಿನ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಸವದತ್ತಿಯಿಂದ ಒಬ್ಬರು ಕೈ ಮುಗಿದ ಚಿತ್ರ ಹಾಕಿ "ಓಂ ಶಾಂತಿ" ಎಂದು ಬರೆದರು. ಇನ್ನೊಬ್ಬರು ಫೋನು ಮಾಡಿ ಅಳತೊಡಗಿದರು. ಆ ಫೋನು ಎತ್ತಿದ್ದು ಗಂಗಪ್ಪನವರೇ.

"ನಾ ನಕ್ಕ ಬಿಡತಿದ್ನಿ," ಎಂದರು. "ಆದ್ರ ಎರಡ ತಿಂಗಳ ಹಿಂದ ನನಗ ಎದಿ ಹಿಡದು ಹನ್ನೊಂದ ದಿನ ದವಾಖಾನ್ಯಾಗ ಇದ್ನಿ. ಅಷ್ಟೂ ದಿನ ನನ್ನ ಹೇಣ್ತಿ ಬಾಳವ್ವ ಬಾಗಲಾಗ ಕುಂತಿದ್ಲು. ಈಗ ಯಾರೋ ಈ ಕಾರ್ಡ ಆಕಿಗಿ ಓದಿ ಹೇಳ್ಯಾರ. ನಿನ್ನಿಯಿಂದ ಆಕಿ ಒಂದ ತುತ್ತ ಉಂಡಿಲ್ಲ."

ಹೊಸ ಕಾರ್ಡು ಹಾಕಿಕೊಡುವುದಾಗಿ ಶಿವಯೋಗೀಶ ಒಪ್ಪಿಕೊಂಡ. ಗಂಗಪ್ಪ ಚಹಾ ಕುಡಿಯದೆ ಎದ್ದು ಹೋದರು.

ಸಂಜೆ ಮನೆಗೆ ಬಂದಾಗ ಫಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಕರುಣಾ ಒಲೆಯ ಹತ್ತಿರ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ರೊಟ್ಟಿಯ ಸದ್ದು ನಿಂತದ್ದು ಅವಳಿಗೆ ತಿಳಿಯಿತು. ಆಗಷ್ಟೇ ನೆನಪಾಯಿತು: ಅತ್ತೆಗೆ ಗಂಡನಿಲ್ಲದೆ ಇಪ್ಪತ್ತು ವರ್ಷ.

"ತಪ್ಪಾಯ್ತು ಅತ್ತೆ, ನಿಮ್ಮ ಮುಂದೆ ನಾನು..."

"ಅಲ್ಲ, ಹೇಳು," ಎಂದಳು ಫಕೀರವ್ವ. ಕೈಗೆ ಹತ್ತಿದ ಹಿಟ್ಟನ್ನು ನಿಧಾನವಾಗಿ ಉಜ್ಜಿಕೊಂಡಳು. "ನಾ ಸಾಲಿ ಕಲ್ತಾಕಿ ಅಲ್ಲ. ಅವರು ಹೋದ ಮ್ಯಾಲ ಪಿಂಚಣಿ ಕಾಗದ ಬಂತು. ಕಚೇರಿಯಾಗ ಒಬ್ಬಾವ ಓದಿದ, ಶ್ರೀಮತಿ ಫಕೀರವ್ವ ಅಂತ. ಪಾಪ, ಅವ ಕೆಟ್ಟ ಮಾತೇನೂ ಅನ್ನಲಿಲ್ಲ. ಆದ್ರ ಮನಿ ಮುಟ್ಟೂತನಾ ಆ ಮಾತ ನನ್ನ ಬೆನ್ನ ಹತ್ತಿ ಬಂತು."

"ನಾಳೆ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳ್ತೀನಿ."

"ಫೋನಿನ್ಯಾಗ ಮಾರಿ ಕಾಣಂಗಿಲ್ಲ. ಐತವಾರ ನಿನಗ ಸೂಟಿ ಅಲ್ಲ? ಹೋಗೂಣು ನಡಿ. ನಾನೂ ಬರತೇನಿ."

ಭಾನುವಾರ ಇಬ್ಬರೂ ಧಾರವಾಡಕ್ಕೆ ಹೋಗಿ ಮುಗದದ ಬಸ್ಸು ಹತ್ತಿದರು. ಫಕೀರವ್ವ ಒಂದು ಚೀಲದಲ್ಲಿ ಶೇಂಗಾ ಉಂಡೆ ಕಟ್ಟಿಕೊಂಡಿದ್ದಳು. ಕರುಣಾ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. "ನನ್ನಿಂದ ಅಚಾತುರ್ಯವಾಗಿದೆ, ದಯವಿಟ್ಟು ಮನ್ನಿಸಬೇಕು." ಅರ್ಜಿಯ ಭಾಷೆ. ಅವಳಿಗೆ ಬೇರೆ ಯಾವುದೂ ತೋಚಲಿಲ್ಲ.

ಗಂಗಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಚಪ್ಪರಕ್ಕೆ ಗಳ ತಂದು ಹಾಕಿದ್ದರು. ಅಂಗಳದಲ್ಲಿ ಐದಾರು ಹೆಂಗಸರು ಶಾವಿಗೆ ಹೊಸೆಯುತ್ತಿದ್ದರು. ಮನೆ ಕಂಡ ಕೂಡಲೇ ಫಕೀರವ್ವ ಎದುರಿನ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಳು. "ನೀ ಹೋಗಿ ಬಾ. ನಾ ಇಲ್ಲೇ ಇರತೇನಿ" ಎಂದಳು. ಎಷ್ಟು ಕರೆದರೂ ಬರಲಿಲ್ಲ.

ಕರುಣಾ ಒಬ್ಬಳೇ ಒಳಗೆ ಹೋಗಿ ತಾನು ಯಾರೆಂದು ಹೇಳಿದಳು. ಶಾವಿಗೆ ಹೊಸೆಯುವ ಕೈಗಳೆಲ್ಲ ನಿಂತವು. ನಡುವೆ ಕೂತಿದ್ದ ಸಣಕಲು ಮೈಯ ಹೆಂಗಸು ತಲೆಯೆತ್ತಿ ನೋಡಿದಳು. ಅವಳೇ ಬಾಳವ್ವ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಕರುಣಾಳಿಗೆ ಒಂದೂ ನೆನಪಾಗಲಿಲ್ಲ.

"ಅಮ್ಮಾ, ನಂಗೆ ಗೊತ್ತಿರ್ಲಿಲ್ಲ," ಎಂದಳು. "ನಮ್ಮೂರಲ್ಲಿ ನಮ್ಮಮ್ಮನ ಹೆಸರಿಗೆ ಹಂಗೇ ಬರೀತಾರೆ. ನಮ್ಮಪ್ಪ ಇದಾರೆ. ಈಗಲೂ ಬೆಳಿಗ್ಗೆ ಎದ್ದು ಅಮ್ಮಂಗೆ ಕಾಫಿ ಮಾಡಿ ಕೊಡ್ತಾರೆ."

"ಗಂಡಸ ಎದ್ದು ಹೇಣ್ತಿಗಿ ಕಾಪಿ ಮಾಡಿ ಕೊಡತಾನ?" ಎಂದಳು ಮೂಲೆಯಲ್ಲಿದ್ದ ಒಬ್ಬಳು. ಯಾರೋ ಕಿಸಕ್ಕನೆ ನಕ್ಕರು.

ಬಾಳವ್ವ ನಗಲಿಲ್ಲ. ಆದರೆ ಮುಖದ ಬಿಗಿ ಸಡಿಲವಾಯಿತು. "ಅಪ್ಪ ಇದ್ದೂ ನಿಮ್ಮವ್ವ ಶ್ರೀಮತಿ?"

"ಹೌದಮ್ಮ."

"ಹಂಗಾರ ನೀ ನಮಗ ನಿಮ್ಮವ್ವನ ಹೆಸರ ಕೊಟ್ಟಿ," ಎಂದಳು ಬಾಳವ್ವ. "ಕೇಡ ಬಗದು ಬರದಾಕಿ ಅಲ್ಲ ನೀ. ನಮಗ ಅದು ಬ್ಯಾರೇನ ಕೇಳಿಸ್ತು, ಅಷ್ಟ. ಕುಂದರು. ಒಬ್ಬಾಕಿನ ಬಂದೀ ಏನು?"

"ನಮ್ಮತ್ತೆ ಬಂದಿದಾರೆ. ಹೊರಗಡೆ ನಿಂತಿದಾರೆ."

ಬಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಹೊರಗೆ ಬಂದಳು. ಕರುಣಾ ಅವಳ ಹಿಂದೆ ಬಂದಳು.

"ಹೊರಗ್ಯಾಕ ನಿಂತೀರಿ ಅಕ್ಕಾರ? ಬರ್ರಿ ಒಳಗ."

"ಇರಲಿ ಬಿಡ್ರಿ. ಲಗ್ನದ ಮನಿ," ಎಂದಳು ಫಕೀರವ್ವ. ಚೀಲವನ್ನು ಎದೆಗೆ ಅವಚಿಕೊಂಡು, ದನಿ ತಗ್ಗಿಸಿ ಹೇಳಿದಳು: "ನಾ ಶ್ರೀಮತಿ ಅದೀನ್ರಿ."

ಬಾಳವ್ವ ಹೆಜ್ಜೆ ಕಿತ್ತಿಡದೆ ನಿಂತಳು. ಯಾವ ಮಾತಿಗೆ ಅಂಜಿ ಊಟ ಬಿಟ್ಟಿದ್ದಳೋ ಆ ಮಾತು ಈಗ ಒಬ್ಬ ಮನುಷ್ಯಳಾಗಿ, ಬೆವರಿದ ಮುಖ ಹೊತ್ತು, ಉಂಡೆ ಕಟ್ಟಿಕೊಂಡು ಅವಳ ಬಾಗಿಲ ಮುಂದೆ ನಿಂತಿತ್ತು. ಅವಳು ದಾರಿ ದಾಟಿ ಹೋಗಿ ಫಕೀರವ್ವನ ಕೈ ಹಿಡಿದಳು.

"ಹಿಂಗ ದಾರ್ಯಾಗ ನಿಂದರಬ್ಯಾಡ್ರಿ," ಎಂದಳು. "ಬರ್ರಿ. ನಮ್ಮ ಶಾವಿಗಿ ಸಣ್ಣ ಆಗವಲ್ಲವು. ನೋಡಿ ಹೇಳ್ರಿ."

ಜಮಖಾನದ ಮೇಲೆ ಫಕೀರವ್ವನಿಗೆ ಜಾಗ ಮಾಡಿಕೊಟ್ಟರು. ಮೊದಮೊದಲು ಮುದುರಿ ಕೂತಿದ್ದ ಅವಳು, ಹಿಟ್ಟು ಕೈಗೆ ಬಂದ ಮೇಲೆ ಎಲ್ಲವನ್ನೂ ಮರೆತು ಹೊಸೆಯತೊಡಗಿದಳು. ನೂಲಿನಂತೆ ಎಳೆ ಇಳಿಯಿತು. ಹುಡುಗಿಯರು ಬಾಯಿಬಿಟ್ಟು ನೋಡಿದರು. ಗಂಗಪ್ಪನವರೂ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತರು.

ಅಷ್ಟು ಹೊತ್ತೂ ಒಬ್ಬ ಹಿರಿಯ ಹೆಂಗಸು ಒಳಗಿನಿಂದ ಹಿಟ್ಟಿನ ಮುದ್ದೆ ತಂದಿಡುತ್ತ, ನೀರು ತಂದಿಡುತ್ತ, ಮತ್ತೆ ಒಳಗೆ ಹೋಗುತ್ತಿದ್ದಳು. ಒಮ್ಮೆಯೂ ಕೂಡಲಿಲ್ಲ. ಹಣೆಯಲ್ಲಿ ಕುಂಕುಮವಿರಲಿಲ್ಲ, ವಿಭೂತಿಯಿತ್ತು. ಅವಳನ್ನು ಮೊದಲು ಗಮನಿಸಿದ್ದು ಫಕೀರವ್ವ.

"ಇವರು ಯಾರ್ರಿ?"

"ನಮ್ಮ ಹಿರೇ ನೆಗೆಣ್ಣಿ, ಇವರ ಅಣ್ಣನ ಹೇಣ್ತಿ, ದ್ರಾಕ್ಷಾಯಿಣಿ ಅಂತ. ನಮ್ಮ ಭಾವನೋರು ಹೋಗಿ ಆರ ವರ್ಷ ಆತು," ಎಂದಳು ಬಾಳವ್ವ.

ಮದುಮಗಳು ರಜನಿ ಮಾತು ಮುಂದುವರಿಸಿದಳು: "ನಮ್ಮ ದೊಡ್ಡವ್ವ. ನಾ ಹುಟ್ಟಿದಾಗ ಅವ್ವಗ ಆರಾಮ ಇದ್ದಿಲ್ಲ. ನನ್ನ ಎತ್ತಿ ಆಡಿಸಿದಾಕಿ ಈಕಿನ. ನನ್ನ ಸಾಲಿಗಿ ಕೈ ಹಿಡಕೊಂಡ ಹೋದಾಕಿನೂ ಈಕಿನ."

ಫಕೀರವ್ವ ಸೊಸೆಯ ಕಡೆ ತಿರುಗಿದಳು. ಓದಲು ಬಾರದವಳ ಸಹಜ ಪ್ರಶ್ನೆ ಅದು. ಅದರಲ್ಲಿ ಬೇರೆ ಏನೂ ಇರಲಿಲ್ಲ. "ಕಾರ್ಡಿನ್ಯಾಗ ಇವರ ಹೆಸರ ಎಲ್ಲೈತಿ ಬೇ?"

ಏಳೂ ಹೆಸರು ಕರುಣಾಳಿಗೆ ಬಾಯಿಪಾಠವಾಗಿದ್ದವು. ದ್ರಾಕ್ಷಾಯಿಣಿಯ ಹೆಸರು ಅದರಲ್ಲಿರಲಿಲ್ಲ. ಅವಳು ಬಾಳವ್ವನನ್ನು ನೋಡಿದಳು. ಬಾಳವ್ವ ಶಾವಿಗೆಯ ಮಣೆಯನ್ನು ನೋಡುತ್ತಿದ್ದಳು. ದ್ರಾಕ್ಷಾಯಿಣಿ ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಹೋಗಲು ಹೊರಟಳು.

"ಅಕ್ಕಾ, ನಿಂದರು," ಎಂದಳು ಬಾಳವ್ವ. ಆಮೇಲೆ ಗಂಡನಿಗೆ: "ಹೊಸಾ ಕಾರ್ಡ ಹಾಕಸಾಕತ್ತೀರಿ ಹೌದಲ್ಲ? ಅಕ್ಕನ ಹೆಸರೂ ಹಾಕಸ್ರಿ."

ಗಂಗಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಾಕಸೂಣು. ನನಗೇನ ತಕರಾರ ಇಲ್ಲ. ಆದ್ರ ಹೆಸರಿನ ಮುಂದ ಏನಂತ ಹಾಕಸೂದು?"

ಆ ಒಂದು ಮಾತು ಆಗ ಆ ಅಂಗಳದಲ್ಲಿ ಯಾರ ನಾಲಗೆಯಿಂದಲೂ ಬರುವಂತಿರಲಿಲ್ಲ. ಫಕೀರವ್ವ ಅಲ್ಲೇ ಕೂತಿದ್ದಳು.

"ನಂದ್ಯಾಕ ಬಿಡ್ರಿ ಯಪ್ಪಾ. ಹೆಸರ ಇಲ್ಲಂದ್ರೇನು, ನಾ ಲಗ್ನದಾಗ ಇರಂಗಿಲ್ಲೇನು?" ಎಂದಳು ದ್ರಾಕ್ಷಾಯಿಣಿ.

"ದೊಡ್ಡವ್ವ ಅಂತ ಹಾಕಸ್ರಿ," ಎಂದಳು ರಜನಿ. "ನಾ ಆಕಿನ್ನ ಹಂಗ ಕರಿಯೂದು. ಮತ್ತ್ಯಾಕ ಬ್ಯಾರೇದು?"

ಗಂಗಪ್ಪ ಎರಡು ಸಲ ಅದನ್ನೇ ತಮ್ಮಷ್ಟಕ್ಕೆ ಹೇಳಿ ನೋಡಿದರು. "ದೊಡ್ಡವ್ವ ದ್ರಾಕ್ಷಾಯಿಣಿ. ಛಲೋ ಆತಲ್ಲ! ಬರಕೋ ತಂಗಿ."

ಕರುಣಾ ಚೀಲದಿಂದ ಹಾಳೆ ತೆಗೆದು ಬರೆದಳು. ರಜನಿ ಅವಳ ಭುಜದ ಮೇಲಿಂದ ಬಗ್ಗಿ ನೋಡಿ, "ಅಕ್ಕಾರ, ದೊಡ್ಡಮ್ಮ ಅಂತ ಬರದೀರಿ. ನಮ್ಮಾಕಿ ದೊಡ್ಡವ್ವ ರಿ" ಎಂದಳು. ಕರುಣಾ ನಾಚಿ ಅದನ್ನು ಹೊಡೆದು ಮತ್ತೆ ಬರೆದಳು.

"ಮೊದಲ ಸಾಲಿನ್ಯಾಗ ಅಕ್ಕಂದು ಇರಲಿ, ಆಕಿ ಕೆಳಗ ನಂದು," ಎಂದಳು ಬಾಳವ್ವ. ಆಮೇಲೆ, ಕೂಡಿದವರ ಮುಖ ನೋಡಲಾರದೆ, "ನನ್ನ ಸೌ. ಮಾತ್ರ ಬಿಡಬ್ಯಾಡ ಮತ್ತ" ಎಂದಳು. ಈ ಸಲ ಎಲ್ಲರೂ ನಕ್ಕರು. ಬಾಳವ್ವನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ದ್ರಾಕ್ಷಾಯಿಣಿ.

ಹೊಸ ಕಾರ್ಡು ಅಚ್ಚಾಯಿತು. ಈ ಸಲ ಕರುಣಾ ಕರಡನ್ನು ಫೋಟೋ ತೆಗೆದು ರಜನಿಗೆ ಕಳಿಸಿ, ಅವಳು ಮನೆಯವರಿಗೆಲ್ಲ ಓದಿ ಹೇಳಿ ಹೂಂ ಎಂದ ಮೇಲೆಯೇ ಪ್ರಿಂಟಿಗೆ ಕೊಟ್ಟಳು. ಗಂಗಪ್ಪನವರ ದಾಯಾದಿ ಹಿರಿಯರೊಬ್ಬರು, "ಮಂಗಳ ಪತ್ರಿಕಾದಾಗ ಗಂಡ ಇಲ್ಲದಾಕಿ ಹೆಸರ, ಇದೆಂಥಾ ಪದ್ಧತಿ" ಎಂದು ಮುನಿಸಿಕೊಂಡರಂತೆ. "ಪದ್ಧತಿ ಅಲ್ಲೋ ಮಾರಾಯ, ಹುಡುಗಿ ದೊಡ್ಡವ್ವ" ಎಂದರಂತೆ ಗಂಗಪ್ಪ. ಹಿರಿಯರು ಲಗ್ನಕ್ಕೆ ಬಂದರು, ಆದರೆ ಗಂಗಪ್ಪನವರ ಜೊತೆ ಮಾತಾಡಲಿಲ್ಲ. ಈಗಲೂ ಅಷ್ಟಕ್ಕಷ್ಟೇ.

ಕರುಣಾಳಿಗೂ ಫಕೀರವ್ವನಿಗೂ ಲಗ್ನಕ್ಕೆ ಕರೆ ಬಂದಿತ್ತು. ಮಾಲತೇಶನಿಗೆ ರಜೆ ಸಿಗಲಿಲ್ಲ, ಇಬ್ಬರೇ ಹೋದರು. ದ್ರಾಕ್ಷಾಯಿಣಿ ಹೊಸ ಇಳಕಲ್ಲ ಸೀರೆ ಉಟ್ಟು ಓಡಾಡುತ್ತಿದ್ದಳು. ಅವಳಿಗೂ ಓದು ಬಾರದು. ತನ್ನ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂದು ಯಾರಿಂದಲೋ ಕೇಳಿ ತಿಳಿದುಕೊಂಡು, ಬಂದವರಿಗೆಲ್ಲ ಕಾರ್ಡು ತೆಗೆದು ಆ ಜಾಗದ ಮೇಲೆ ಹೆಬ್ಬೆರಳಿಟ್ಟು ತೋರಿಸುತ್ತಿದ್ದಳು. ಬೆರಳಿನ ಅರಿಶಿನ ಹತ್ತಿ ಆ ಸಾಲು ಪೂರ್ತಿ ಹಳದಿಯಾಗಿತ್ತು. ಅಕ್ಷತೆ ಹಾಕುವ ಹೊತ್ತಿಗೆ ರಜನಿ ತಲೆಯೆತ್ತಿ ಸುತ್ತ ಹುಡುಕಿ, "ದೊಡ್ಡವ್ವ ಎಲ್ಲದಾಳ?" ಎಂದು ಕೇಳಿದಳು. ನಾಲ್ಕು ಜನ ಸೇರಿ ದ್ರಾಕ್ಷಾಯಿಣಿಯನ್ನು ಮುಂದಕ್ಕೆ ಕರೆತಂದರು. ಆಚೆ ಕಂಬದ ಹತ್ತಿರ ನಿಂತಿದ್ದ ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕರುಣಾ ನೋಡಿದಳು.

ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟರು. ಕಿಟಕಿಯ ಪಕ್ಕ ಫಕೀರವ್ವ, ಇತ್ತ ಕರುಣಾ. ಊರು ದಾಟಿ ಭತ್ತದ ಗದ್ದೆಗಳು ಕಾಣತೊಡಗಿದ ಮೇಲೆ ಫಕೀರವ್ವ ಹೊರಗೆ ನೋಡುತ್ತಲೇ ಅಂದಳು:

"ಬಸಣ್ಣಗ ಶಾವಿಗಿ ಪಾಯಸ ಅಂದ್ರ ಜೀವ."

ಯಾವ ಬಸಣ್ಣ ಎಂದು ಕೇಳಲು ಕರುಣಾ ಬಾಯಿ ತೆರೆದಳು. ತಟ್ಟನೆ ಹೊಳೆಯಿತು. ಮಾವನ ಹೆಸರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಕಾಲದವಳಲ್ಲ ಫಕೀರವ್ವ. ಇಷ್ಟು ವರ್ಷಗಳಲ್ಲಿ ಕರುಣಾ ಆ ಹೆಸರನ್ನು ಕಾಗದಪತ್ರಗಳಲ್ಲಿ ಕಂಡಿದ್ದಳೇ ಹೊರತು ಅತ್ತೆಯ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. "ಅವರು", "ನಿಮ್ಮ ಮಾವ" ಎಂದಷ್ಟೇ ಕೇಳಿದ್ದಳು.

"ಹೌದಾ ಅತ್ತೆ?" ಎಂದಳು, ದನಿ ಅಲುಗದಂತೆ.

"ಹ್ಞೂಂ. ಒಂದ ಸಲ ಏನಾತು ಅಂದ್ರ..." ಎಂದು ಫಕೀರವ್ವ ಶುರುಮಾಡಿದಳು. ಬಸಣ್ಣ ಅಳಿಯತನಕ್ಕೆಂದು ಹೆಂಡತಿಯ ತವರಿಗೆ ಹೋದಾಗ ನಾಚಿಕೊಂಡು ಬಡಿಸಿದಷ್ಟೇ ಉಂಡು ಎದ್ದದ್ದು, ಆಮೇಲೆ ಅಡುಗೆಮನೆಯಲ್ಲಿ ಪಾಯಸದ ಪಾತ್ರೆಯ ಮುಂದೆ ಸಿಕ್ಕಿಬಿದ್ದದ್ದು, ಅತ್ತೆಯ ಮುಂದೆ ತಲೆತಗ್ಗಿಸಿ ನಿಂತದ್ದು. ಹೇಳುತ್ತ ಅವಳೇ ನಕ್ಕಳು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಧಾರವಾಡ ಬರುವಷ್ಟರಲ್ಲಿ ಆ ಹೆಸರನ್ನು ಹತ್ತು ಸಲವಾದರೂ ಹೇಳಿದಳು. ಕರುಣಾ ನಡುವೆ ಬಾಯಿ ಹಾಕದೆ ಕೇಳುತ್ತ ಕೂತಳು.